ಕಾರಿಗೆ ಕಟ್ಟಿದ ಎಣ್ಣೆ ಡಬ್ಬ

ಫೆಬ್ರವರಿ 3, ಸೋಮವಾರ

ವಡೋದರಾದಿಂದ ಮಗಳ ಮೆಸೇಜ್ ಬಂದಿದೆ. ಹಳೆಯ ಕಾರನ್ನು ಗುಜರಿಗೆ ಹಾಕಲು ಜನ ಗೊತ್ತುಮಾಡಿದ್ದಾಳಂತೆ. ಮಾರ್ಚ್ ಎರಡಕ್ಕೆ, ಭಾನುವಾರ, ಅವಳು ಬರುತ್ತಾಳೆ. ಮರುದಿನ ಬೆಳಿಗ್ಗೆ ಗುಜರಿಯವರು ಬಂದು ಎಳೆದುಕೊಂಡು ಹೋಗುತ್ತಾರೆ. ‘ಓಕೆನಾ ಅಪ್ಪ?’ ಎಂದು ಕೇಳಿದ್ದಾಳೆ. ಉತ್ತರ ಕೊಡಲಿಲ್ಲ.

ಕಾರು ನಮ್ಮ ಫ್ಲ್ಯಾಟ್ ಸೊಸೈಟಿಯ ಪಾರ್ಕಿಂಗಿನ ಮೂಲೆಯಲ್ಲಿ ನವೆಂಬರ್ ಒಂಬತ್ತರಿಂದ ನಿಂತಿದೆ. ಅಂದು ಯಾರೋ ಬ್ರಿಡ್ಜಿನಿಂದ ಎಳೆದು ತಂದು ಬಿಟ್ಟರು. ಮರುವಾರ ನಾನು ಹೊದಿಕೆ ಹಾಕಿದೆ. ಬಾನೆಟ್ ತೆರೆಯಲಿಲ್ಲ.

ಇನ್ನು ನಾಲ್ಕು ವಾರ ಉಂಟು. ಆಮೇಲೆ ಕಾರು ಇರುವುದಿಲ್ಲ. ಕೇಳಬೇಕಾದದ್ದನ್ನು ಅಷ್ಟರೊಳಗೆ ಕಾರಿನ ಹತ್ತಿರವೇ ಕೇಳಬೇಕು.

ಈ ಡೈರಿ ಮಸಾಲೆ ಅಂಗಡಿಯವರು ದೀಪಾವಳಿಗೆ ಕೊಟ್ಟದ್ದು. ಹತ್ತನೆಯ ತರಗತಿ ಬಿಟ್ಟ ಮೇಲೆ ನಾನು ಸಾಮಾನಿನ ಚೀಟಿ ಬಿಟ್ಟು ಬೇರೆ ಬರೆದದ್ದು ಕಡಿಮೆ. ಯಾರಿಗೂ ಹೇಳಲಾಗದ್ದು ಒಂದು ಉಂಟು, ಅದಕ್ಕೆ ಬರೆಯುತ್ತಿದ್ದೇನೆ.

ಫೆಬ್ರವರಿ 5, ಬುಧವಾರ

ನಡೆದದ್ದನ್ನು ಒಮ್ಮೆ ಸರಿಯಾಗಿ ಬರೆದಿಡುತ್ತೇನೆ.

ನವೆಂಬರ್ ಒಂಬತ್ತು, ಶನಿವಾರ. ದೀಪಾವಳಿ ರಜೆ ಮುಗಿದು ನಮ್ಮ ಹೋಟೆಲಿರುವ ವಟ್ವಾದ ಕಾರ್ಖಾನೆಗಳು ತೆರೆದ ವಾರ. ಮಧ್ಯಾಹ್ನದ ಊಟದವರು ಹೋಗಿ ಹೋಟೆಲ್ ಖಾಲಿಯಾಗಿತ್ತು. ಮೂರು ಗಂಟೆ. ನನ್ನ ಹೆಂಡತಿ ಸಂಜೆಯ ಚಟ್ನಿಗೆ ಕಾಯಿ ತುರಿಯುತ್ತಿದ್ದಳು. “ಎದೆ ಎಂತದೋ ಹಿಡಿದ ಹಾಗೆ ಆಗ್ತದೆ” ಎಂದಳು. ಮುಖವೆಲ್ಲ ಬೆವರು. ಆಂಬುಲೆನ್ಸ್ ಬರಲು ಇಪ್ಪತ್ತೈದು ನಿಮಿಷ ಎಂದರು. ಕಾರು ಬಾಗಿಲಲ್ಲೇ ಇತ್ತು, ಆಸ್ಪತ್ರೆ ಹನ್ನೆರಡು ನಿಮಿಷದ ದಾರಿ. ಅವಳನ್ನು ಮುಂದೆ ಕೂರಿಸಿಕೊಂಡು ಹೊರಟೆ.

ರೈಲ್ವೆ ಬ್ರಿಡ್ಜ್ ಹತ್ತುವಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ. ಆ ಕಾರಿನಲ್ಲಿ ನಾನು ಯಾವತ್ತೂ ಹಾಗೆ ಒತ್ತಿದವನಲ್ಲ. ಇಂಜಿನ್ ಗಂಟಲು ಕಟ್ಟಿದ ಹಾಗೆ ಸದ್ದು ಮಾಡಿ ನಿಂತಿತು. ಕೀ ತಿರುಗಿಸಿದೆ, ಹೊರಟಿತು. ಒತ್ತಿದೆ, ನಿಂತಿತು. ಹೀಗೆ ನಾಲ್ಕು ಸಲ. ಹಿಂದಿನಿಂದ ಹಾರ್ನ್. “ನಿಧಾನ ಮಾಡಿ, ಗಡಿಬಿಡಿ ಮಾಡ್ಬೇಡಿ” ಎಂದಳು. ಆಮೇಲೆ ಮಾತನಾಡಲಿಲ್ಲ. ಒಬ್ಬ ಟೆಂಪೋದವನು ನಮ್ಮನ್ನು ಹತ್ತಿಸಿಕೊಂಡ. ಆಸ್ಪತ್ರೆ ಮುಟ್ಟುವಾಗ ಮೂರೂ ಐವತ್ತು. ಸಣ್ಣ ಪ್ರಾಯದ ಡಾಕ್ಟರ್ ಹಿಂದಿಯಲ್ಲಿ “ಸ್ವಲ್ಪ ಮೊದಲು ತಂದಿದ್ದರೆ” ಎಂದ. ನನ್ನ ಮುಖ ನೋಡಿ ಮುಂದಿನ ಮಾತು ನುಂಗಿಕೊಂಡ.

ಎಲ್ಲರೂ ಕಾರನ್ನು ಬೈಯುತ್ತಾರೆ. ಹಳೆಯ ಗಾಡಿ, ಸಮಯಕ್ಕೆ ಕೈಕೊಟ್ಟಿತು ಎನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ.

ಬಾನೆಟ್ಟಿನ ಕೆಳಗೆ ಏನಿದೆ ಎಂದು ಅವರಿಗೆ ಗೊತ್ತಿಲ್ಲ.

ಫೆಬ್ರವರಿ 6, ಗುರುವಾರ

ನಿನ್ನೆ ಅಲ್ಲಿಗೇ ನಿಲ್ಲಿಸಿದೆ. ಇವತ್ತು ಬರೆಯುತ್ತೇನೆ.

ಇಂಜಿನ್ನಿಗೂ ಗಾಳಿ ಬೇಕು. ಅದು ಒಂದು ಡಬ್ಬದ ಮೂಲಕ ಹೋಗುತ್ತದೆ. ಡಬ್ಬದೊಳಗೆ ಕಾಗದದ ಫಿಲ್ಟರ್ ಇರುತ್ತದೆ, ಗಾಳಿ ಅದರಲ್ಲಿ ಸೋಸಿ ಇಂಜಿನ್ನಿಗೆ ಸೇರುತ್ತದೆ. ಕಳೆದ ಜುಲೈಯಲ್ಲಿ ಆ ಪ್ಲಾಸ್ಟಿಕ್ ಡಬ್ಬ ಒಡೆಯಿತು. ಆ ಮಾಡಲ್ ನಿಂತು ಎಷ್ಟೋ ವರ್ಷ, ಬದಲಿ ಎಲ್ಲಿಯೂ ಸಿಗಲಿಲ್ಲ. ನಾನೇ ಮಾಡಿದೆ. ಹೋಟೆಲಿಗೆ ಹತ್ತಿಬೀಜದ ಎಣ್ಣೆ ಬರುವ ಹದಿನೈದು ಕಿಲೋ ತಗಡಿನ ಡಬ್ಬವನ್ನು ಅರ್ಧಕ್ಕೆ ಕತ್ತರಿಸಿ, ಮುಚ್ಚಳಕ್ಕೆ ಕುಕ್ಕರಿನ ರಬ್ಬರ್ ಕೂರಿಸಿ, ಒಂದು ಬದಿಗೆ ಗಾಳಿ ಬರುವ ಬಾಯಿ, ಇನ್ನೊಂದು ಬದಿಗೆ ಇಂಜಿನ್ನಿಗೆ ಹೋಗುವ ಪೈಪು ಇಟ್ಟೆ.

ಅವಳು ನೋಡಿ ನಕ್ಕಿದ್ದಳು. “ಎಂತ ಮಾರಾಯ್ರೆ, ಕಾರಿನೊಳಗೂ ಇಡ್ಲಿ ಬೇಯಿಸ್ಲಿಕ್ಕುಂಟಾ?”

ವಟ್ವಾದ ಬಣ್ಣದ ಕಾರ್ಖಾನೆಗಳ ಧೂಳು ಎಲ್ಲದರ ಮೇಲೂ ಕೂರುತ್ತದೆ. ಡಬ್ಬದ ಬಾಯಿಗೆ ಒಂದು ಇಡ್ಲಿ ಬಟ್ಟೆ ಕಟ್ಟಿದರೆ ಒಳ್ಳೆಯದು ಎಂದದ್ದು ಅವಳೇ. ತುಂಡು ಕತ್ತರಿಸಿ, ಅಂಚು ಹೊಲಿದು, ದಾರ ಪೋಣಿಸಿ ಕೊಟ್ಟಳು.

ಮೂರು ತಿಂಗಳು ಕಾರು ಚೆನ್ನಾಗಿಯೇ ಓಡಿತು. ಹೋಟೆಲಿನಿಂದ ತರಕಾರಿ ಮಾರುಕಟ್ಟೆ, ಮಾರುಕಟ್ಟೆಯಿಂದ ಮನೆ. ಅಂದು ಬ್ರಿಡ್ಜಿನಲ್ಲಿ ಅದನ್ನು ನಿಲ್ಲಿಸಿದ್ದು ಹಳೆಯ ಇಂಜಿನ್ನೋ, ನನ್ನ ಡಬ್ಬವೋ? ಅದು ನನಗೆ ತಿಳಿಯಬೇಕು.

ಫೆಬ್ರವರಿ 8, ಶನಿವಾರ

ಸೂರತ್ತಿನಿಂದ ಮಾಧವನ ಫೋನ್. ಹೆಂಡತಿಯ ತಮ್ಮ. ಅಲ್ಲಿ ಅವನದೂ ಹೋಟೆಲ್.

“ಭಾವ, ಆ ಕಾರನ್ನು ಇನ್ನೂ ಇಟ್ಟುಕೊಂಡಿದ್ದೀರಂತಲ್ಲ?”

“ಮಾರ್ಚಿನಲ್ಲಿ ಹೋಗ್ತದೆ.”

“ಮಾರ್ಚಿನವರೆಗೆ ಯಾಕೆ? ನಾನಾಗಿದ್ರೆ ಅವತ್ತೇ ಬೆಂಕಿ ಹಾಕ್ತಿದ್ದೆ. ನಮ್ಮ ಪ್ರೇಮಕ್ಕನನ್ನು ತಿಂದ ಕಾರು ಅದು. ನಿಮಗೆ ದಿನಾ ಅದರ ಮುಖ ನೋಡ್ಲಿಕ್ಕೆ ಹೇಗಾದ್ರೂ ಮನಸ್ಸು ಬರ್ತದೆ ಮಾರಾಯ್ರೆ!”

ಹೌದು ಎಂದೆ. ಕಾರು ನನ್ನ ಪರವಾಗಿ ಬೈಗುಳ ತಿನ್ನುತ್ತಾ ನಿಂತಿದೆ.

ಹೋಟೆಲಿನಲ್ಲಿ ಅಡುಗೆಯನ್ನೆಲ್ಲ ಪದ್ಮನಾಭನೇ ನೋಡಿಕೊಳ್ಳುತ್ತಾನೆ. ನಾನು ಹಣದ ಗಲ್ಲಾದಲ್ಲಿ ಕೂರುತ್ತೇನೆ. ಒಲೆಯ ಹತ್ತಿರ ಹೋಗದೆ ಮೂರು ತಿಂಗಳಾಯಿತು. ಮಗಳು ಮೇಘನಾ ಎರಡು ಸಲ ಫೋನ್ ಮಾಡಿದ್ದಳು. ಎತ್ತಲಿಲ್ಲ. ಎತ್ತಿದರೆ ಅವಳ ದನಿ ಅವಳಮ್ಮನದೇ ಹಾಗೆ ಕೇಳಿಸುತ್ತದೆ.

ಫೆಬ್ರವರಿ 9, ಭಾನುವಾರ

ಹೊದಿಕೆ ತೆಗೆದೆ. ಬಾನೆಟ್ ತೆರೆದೆ. ಡಬ್ಬ ಸರಿಯಾಗಿತ್ತು. ಬಗ್ಗಿಲ್ಲ, ಬಿಟ್ಟುಕೊಂಡಿಲ್ಲ, ಮುಚ್ಚಳ ಬಿಗಿಯಾಗಿ ಕೂತಿದೆ. ಎಣ್ಣೆ ಕಂಪನಿಯ ಹಳದಿ ಹೂವಿನ ಚಿತ್ರ ಕೂಡ ಅಳಿಸಿಲ್ಲ.

ಸುತ್ತ ಕೈಯಾಡಿಸಿ ನೋಡಿದೆ. ಎಲ್ಲ ಸರಿ.

ರಾತ್ರಿ ಎರಡು ಚಪಾತಿ ತಿಂದೆ.

ಫೆಬ್ರವರಿ 12, ಬುಧವಾರ

ಕಾರನ್ನು ಕನುಭಾಯ್ ಗರಾಜಿಗೆ ಎಳೆಸಿದೆ. ನಮ್ಮ ಹೋಟೆಲಿನಿಂದ ಮೂರನೆಯ ಗಲ್ಲಿ. ಅರವತ್ತು ದಾಟಿದ ಮನುಷ್ಯ, ಬೆಳಿಗ್ಗೆ ನಮ್ಮಲ್ಲೇ ಉಪ್ಪಿಟ್ಟು ತಿನ್ನುವುದು. ಇಲ್ಲಿಯವರ ಹಾಗೆ ನನ್ನನ್ನು ಅಣ್ಣಾ ಎನ್ನುತ್ತಾನೆ. ಗುಜರಿಗೆ ಹೋಗುವ ಗಾಡಿಗೆ ಯಾಕೆ ಈ ಉಸಾಬರಿ ಎಂದು ಕೇಳಿದ. ಒಮ್ಮೆ ಓಡಿಸಬೇಕು ಎಂದೆ. ಬ್ಯಾಟರಿ ಬದಲಿಸಿದ, ಹಳೆಯ ಪೆಟ್ರೋಲ್ ತೆಗೆದು ಹೊಸದು ಹಾಕಿದ.

ಬಾನೆಟ್ ತೆರೆದು ಗಟ್ಟಿಯಾಗಿ ನಕ್ಕ. “ಅರೇ ಅಣ್ಣಾ, ಇದರಲ್ಲಿ ಎಣ್ಣೆ ಖಾಲಿಯಾಗಿದೆಯಾ, ಇನ್ನೂ ಉಂಟಾ?”

ಇಂಜಿನ್ ಹೊರಟಿತು. ಒಳ್ಳೆಯ ಸದ್ದು. ಹತ್ತು ನಿಮಿಷ ಹಾಗೆಯೇ ಬಿಟ್ಟ, ಎಲ್ಲ ಸರಿ. ನಾನು ಡಬ್ಬದ ಮೇಲೆಯೇ ಕಣ್ಣಿಟ್ಟಿದ್ದೆ. ಆಮೇಲೆ ಕನುಭಾಯ್ ಒಳಗೆ ಕೂತು ಆಕ್ಸಿಲರೇಟರನ್ನು ಪೂರ್ತಿ ಒತ್ತಿದ.

ಡಬ್ಬದ ಎರಡು ಗೋಡೆಗಳೂ ಒಳಕ್ಕೆ ಹೋದವು. ಯಾರೋ ಒಳಗಿನಿಂದ ಎಳೆದುಕೊಂಡ ಹಾಗೆ. ಡಬ್ ಎಂದು ಸದ್ದು. ಇಂಜಿನ್ ಗಂಟಲು ಕಟ್ಟಿದ ಹಾಗೆ ಮಾಡಿ ನಿಂತಿತು. ಅದೇ ಸದ್ದು. ನಿಂತ ಕೂಡಲೇ ಗೋಡೆಗಳು ಮತ್ತೆ ಡಬ್ ಎಂದು ಹೊರಕ್ಕೆ ಬಂದವು. ಆಗ ನೋಡಿದರೆ ಡಬ್ಬ ಸರಿಯಾಗಿಯೇ ಇದೆ. ಬಗ್ಗಿಲ್ಲ. ಹಳದಿ ಹೂವು ಹಾಗೆಯೇ ಇದೆ.

ಕನುಭಾಯ್ ಇಳಿದು ಬಂದು ಕೇಳಿದ. “ಏನು ನೋಡಿದೆ?”

ಏನೂ ಇಲ್ಲ ಎಂದೆ.

ಫೆಬ್ರವರಿ 13, ಗುರುವಾರ

ನಾಲ್ಕು ಸಲ. ನಾಲ್ಕು ಸಲವೂ ನಾನೇ ಒತ್ತಿದ್ದು.

ಫೆಬ್ರವರಿ 15, ಶನಿವಾರ

ಕನುಭಾಯಿಗೆ ಡಬ್ಬದ ಗೋಡೆ ಒಳಕ್ಕೆ ಹೋದ ವಿಷಯ ಹೇಳಬೇಕಾಯಿತು. ಬೇರೆ ಯಾವುದನ್ನೂ ಹೇಳಲಿಲ್ಲ. ಅವನು ಮತ್ತೆ ಒತ್ತಿಸಿ, ಬಗ್ಗಿ ನೋಡಿ, “ಒಳಗೆ ಎಳೆಯುತ್ತದೆ ಅಣ್ಣಾ. ಇಂಜಿನ್ ಎಂದರೆ ಎಳೆಯುವುದು. ನೀನು ತಳ್ಳುವ ವಸ್ತುವಿಗೆ ಮಾಡಿದ ಹಾಗೆ ಮಾಡಿದ್ದೀಯ” ಎಂದ.

ನಿಜ. ಮೂವತ್ತು ವರ್ಷ ಹಬೆಯ ಜೊತೆ ಕೆಲಸ ಮಾಡಿದವನು. ಹಬೆ ಹೊರಗೆ ಹೋಗಲು ನೋಡುತ್ತದೆ, ನಾವು ಬಿಗಿಯಾಗಿ ಮುಚ್ಚುತ್ತೇವೆ. ಮುಚ್ಚಳ, ರಬ್ಬರ್, ಮೇಲೆ ಭಾರ. ನನ್ನ ಕೈಗೆ ಗೊತ್ತಿದ್ದದ್ದು ಅಷ್ಟೇ. ಒಳಗೆ ಎಳೆಯುವಂಥದ್ದು ಒಂದು ಉಂಟು ಎಂದು ಯೋಚನೆಯೇ ಬರಲಿಲ್ಲ.

ಮತ್ತೆ, ನಮ್ಮ ಅಡುಗೆಮನೆಯಲ್ಲಿ ಒಂದಾದರೂ ಪಾತ್ರೆ ಚೌಕ ಉಂಟಾ? ಎಲ್ಲ ಉರುಟು. ಉರುಟಾದದ್ದು ಬಗ್ಗುವುದಿಲ್ಲ. ಕಾರಿಗೆ ಮಾತ್ರ ಚೌಕದ ತೆಳು ತಗಡು ಹಾಕಿದೆ.

ಆದರೆ ಕನುಭಾಯ್ ಇನ್ನೊಂದು ಮಾತನ್ನೂ ಹೇಳಿದ. ಪೆಟ್ರೋಲ್ ಪಂಪ್ ಕೂಡ ಹಳೆಯದಾಗಿದೆ. ನಿಂತ ಗಾಡಿಯಲ್ಲಿ ಒತ್ತುವುದು ಬೇರೆ, ಏರು ಹತ್ತುವುದು ಬೇರೆ. ಏರಿನಲ್ಲಿ ಪಂಪೇ ಸೋತಿರಬಹುದು. “ಗಟ್ಟಿ ಡಬ್ಬ ಹಾಕಿ ಏರು ಹತ್ತಿಸಿ ನೋಡು. ಆಗಲೂ ನಿಂತರೆ ಪಂಪು.”

ಅಂದರೆ ಹೀಗೆ: ಒಳ್ಳೆಯ ಡಬ್ಬ ಮಾಡಿ ಬ್ರಿಡ್ಜಿಗೆ ಹೋಗಬೇಕು. ಕಾರು ನಿಂತರೆ, ಅಂದು ನಿಲ್ಲಿಸಿದ್ದು ಪಂಪು. ಕಾರು ಹತ್ತಿದರೆ, ನಾನು.

ಫೆಬ್ರವರಿ 18, ಮಂಗಳವಾರ

ಅಳತೆ ತೆಗೆಯಲು ಹಳೆಯ ಡಬ್ಬವನ್ನು ಬಿಚ್ಚಿದೆ. ಗಾಳಿ ಬರುವ ಬಾಯಿ ಕೆಳಮುಖವಾಗಿದ್ದರಿಂದ ಮೇಲಿನಿಂದ ಕಾಣುತ್ತಿರಲಿಲ್ಲ. ತಿರುಗಿಸಿದಾಗ ಬಟ್ಟೆ ಕಂಡಿತು.

ಬಟ್ಟೆಯ ಹಾಗೆ ಇರಲಿಲ್ಲ. ಗುಲಾಬಿ ಬಣ್ಣದ ಹಪ್ಪಳದ ಹಾಗೆ ಗಟ್ಟಿ. ಬಣ್ಣದ ಕಾರ್ಖಾನೆಯ ಪುಡಿ, ಮಳೆಯ ತೇವ, ರಸ್ತೆಯ ಧೂಳು ಎಲ್ಲ ಸೇರಿ ಕಟ್ಟಿಕೊಂಡಿದೆ. ಬಾಯಿಗೆ ಹಿಡಿದು ಊದಿದೆ. ಉಸಿರು ಆ ಬದಿಗೆ ಹೋಗಲಿಲ್ಲ.

ಅವಳು ಬಟ್ಟೆ ಕೊಡುವಾಗಲೇ ಹೇಳಿದ್ದಳು. “ದಿನಾ ಬೇಡ, ವಾರಕ್ಕೊಮ್ಮೆ ಆದ್ರೂ ಬಿಚ್ಚಿ ತೊಳೀರಿ ಆಯ್ತಾ. ಇಡ್ಲಿ ಬಟ್ಟೆ ಅಲ್ವಾ ಅದು.”

ಹದಿನಾರನೆಯ ವಯಸ್ಸಿಗೆ ಬ್ರಹ್ಮಾವರದಿಂದ ಈ ಊರಿಗೆ ಬಂದವನು. ಮೊದಲ ದಿನ ಕಲಿಸಿದ ಕೆಲಸ ಇಡ್ಲಿ ಬಟ್ಟೆ ತೊಳೆಯುವುದು. ತೊಳೆಯದ ಬಟ್ಟೆಯಲ್ಲಿ ಹಬೆ ಏರುವುದಿಲ್ಲ, ಇಡ್ಲಿ ಬೇಯುವುದಿಲ್ಲ. ಎಷ್ಟು ಸಾವಿರ ಬಟ್ಟೆ ತೊಳೆದಿದ್ದೇನೋ. ಕೆಲಸದವರಿಗೆ ಇದಕ್ಕಾಗಿ ಬೈದಿದ್ದೇನೆ, ಒಬ್ಬನನ್ನು ಕೆಲಸದಿಂದಲೂ ಬಿಡಿಸಿದ್ದೇನೆ.

ಇದೊಂದನ್ನು ಜುಲೈಯಿಂದ ನವೆಂಬರಿನವರೆಗೆ ಒಂದು ಸಲವೂ ತೊಳೆಯಲಿಲ್ಲ.

ಫೆಬ್ರವರಿ 19, ಬುಧವಾರ

ಹೋಟೆಲಿಗೆ ಹೋಗಲಿಲ್ಲ.

ಫೆಬ್ರವರಿ 22, ಶನಿವಾರ

ಡಬ್ಬದ ಕೆಲಸ ಶುರು. ಹೋಟೆಲಿನ ಅಟ್ಟದಲ್ಲಿ ದಪ್ಪ ಅಲ್ಯೂಮಿನಿಯಮ್ಮಿನ ಐದು ಲೀಟರ್ ಪಾತ್ರೆಯೊಂದಿತ್ತು. ಮೊದಲು ಸಾಂಬಾರಿಗೆ ಬಳಸುತ್ತಿದ್ದದ್ದು. ಉರುಟು. ಅದರೊಳಗೆ ಫಿಲ್ಟರ್ ಸರಿಯಾಗಿ ಕೂರುತ್ತದೆ. ಕಂಠದ ಕೆಳಗೆ ಇಂಜಿನ್ನಿಗೆ ಹೋಗುವ ಪೈಪಿಗೆ ರಂಧ್ರ ಕೊರೆದೆ. ಅಂಚು ಹರಿತವಾಗದ ಹಾಗೆ ಒಂದು ಗಂಟೆ ಅರ ಹಾಕಿ ಉಜ್ಜಿದೆ. ಕುಕ್ಕರಿನ ರಬ್ಬರ್ ಬೇಡ ಎಂದ ಕನುಭಾಯ್. ಇಂಜಿನ್ ಎಣ್ಣೆಯ ಹೊಗೆಗೆ ಅದು ಉಬ್ಬುತ್ತದಂತೆ. ಬೇರೆ ಕೊಟ್ಟ.

“ಚೆನ್ನಾಗಿ ಮಾಡುತ್ತೀಯ ಅಣ್ಣಾ. ಇಷ್ಟು ಚೆನ್ನಾಗಿ ಯಾಕೆ ಮಾಡುತ್ತೀಯ? ಮೂರನೇ ತಾರೀಕು ಗುಜರಿಗೆ ಹೋಗುವ ಗಾಡಿಗೆ?”

ನಾನು ಅರ ಹಾಕುತ್ತಲೇ ಇದ್ದೆ.

“ನನ್ನ ಹೆಂಡತಿ ಹೇಳುತ್ತಾಳೆ, ಆ ಅಣ್ಣನ ಬಾಯಿಯಿಂದ ಒಂದು ಮಾತು ಬರಬೇಕಾದರೆ ನಾಲ್ಕು ಪ್ಲೇಟ್ ತಿನ್ನಬೇಕು ಎಂದು. ನಾನು ಹೇಳಿದೆ, ಈಗ ಆರು.”

ನಗು ಬಂದದ್ದು ಗೊತ್ತಾದ ಮೇಲೆ ನಿಲ್ಲಿಸಿದೆ.

ಫೆಬ್ರವರಿ 24, ಸೋಮವಾರ

ಒಂದು ವಿಷಯ ಈಗ ಹೊಳೆಯಿತು.

ಡಬ್ಬ ಒಳಕ್ಕೆ ಹೋದದ್ದು ಪೂರ್ತಿ ಒತ್ತಿದಾಗ. ನಿಧಾನವಾಗಿ ಒತ್ತಿದರೆ ಹೋಗುವುದಿಲ್ಲ. ಮೂರು ತಿಂಗಳು ಮಾರುಕಟ್ಟೆಗೆ ಓಡಿದ್ದು ಹಾಗೆ. ಅಂದು ಕಾಲನ್ನು ಸ್ವಲ್ಪ ಎತ್ತಿದ್ದರೆ ಕಾರು ಮೆಲ್ಲಗೆ, ಎತ್ತಿನ ಗಾಡಿಯ ಹಾಗಾದರೂ, ಬ್ರಿಡ್ಜ್ ದಾಟುತ್ತಿತ್ತು.

“ನಿಧಾನ ಮಾಡಿ” ಎಂದು ಅವಳು ಹೇಳಿದ್ದಳು. ಎದೆ ಹಿಡಿದುಕೊಂಡು ಕೂತವಳು ಹೇಳಿದ್ದಳು. ನಾನು ಕೇಳಲಿಲ್ಲ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಮೇಘನಾ ಧ್ವನಿ ಮೆಸೇಜ್ ಕಳಿಸಿದ್ದಾಳೆ. ಮೂರು ಸಲ ಕೇಳಿದೆ.

“ಅಪ್ಪ, ನೀವು ಫೋನ್ ಎತ್ತಲ್ಲ, ಠೀಕ್ ಹೈ. ಉಪವಾಸ ಮಾಡ್ಬೇಡಿ, ಶುಗರ್ ಇದೆ ನಿಮಗೆ. ಸಂಡೇ ಬರ್ತೀನಿ. ನಿಮಗೆ ಮಾತಾಡೋದು ಇಲ್ಲ ಅಂದ್ರೆ ಮಾತಾಡ್ಬೇಡಿ. ನಾನು ಗಾಡಿ ಕೆಲಸ ಮುಗಿಸಿ ಹೋಗ್ತೀನಿ. ಬಸ್, ಅಷ್ಟೇ.”

ಅವಳ ಕನ್ನಡ ಹೀಗೆಯೇ, ಅರ್ಧ ಇಲ್ಲಿಯದು. ಪ್ರತಿಸಲ ಅವಳ ಅಮ್ಮ ತಿದ್ದುತ್ತಿದ್ದಳು, ಇವಳು ಬೇಕೆಂದೇ ಮತ್ತೆ ತಪ್ಪು ಹೇಳುತ್ತಿದ್ದಳು.

ಅವಳಿಗೆ ಗೊತ್ತಾಗದೇ ಇರುವ ಹಾಗೆ ಮಾಡಬಹುದು. ಸುಲಭ. ಭಾನುವಾರ ಸುಮ್ಮನಿದ್ದರೆ ಸೋಮವಾರ ಕಾರು ಹೋಗುತ್ತದೆ. ಅದರ ಜೊತೆಗೆ ಎಲ್ಲವೂ.

ಮಾರ್ಚ್ 1, ಶನಿವಾರ

ಡಬ್ಬ ಮುಗಿಯಿತು. ಕೂರಿಸಿ, ಕ್ಲಿಪ್ ಬಿಗಿದೆವು. ಕನುಭಾಯ್ ಪೂರ್ತಿ ಒತ್ತಿದ. ಪಾತ್ರೆ ಕದಲಲಿಲ್ಲ. ಇಂಜಿನ್ನಿನ ಸದ್ದಿಗೆ ಎದುರಿನ ಅಂಗಡಿಯವನು ಹೊರಗೆ ಬಂದು ನೋಡಿದ.

ನಿಂತ ಗಾಡಿಯಲ್ಲಿ ಸರಿ. ಇನ್ನು ಏರು.

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಗಾಳಿಯ ಬಾಯಿಯನ್ನು ಮೊದಲು ನಾನು ಎರಡು ಬೆರಳು ಅಗಲಕ್ಕೆ ಕೊರೆದಿದ್ದೆ. ಅಷ್ಟು ಸಾಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಸಾಲದಿದ್ದರೆ ಏರಿನಲ್ಲಿ ಕಾರು ನಿಲ್ಲುತ್ತದೆ. ನಿಂತರೆ ಪಂಪು. ಮಾಧವನಿಗೆ, ಮಗಳಿಗೆ, ನನಗೆ, ಎಲ್ಲರಿಗೂ ಪಂಪು. ಕೈ ಅಷ್ಟಕ್ಕೇ ನಿಂತಿತ್ತು. ಗುರುವಾರದಿಂದ ಹಾಗೆಯೇ ಇಟ್ಟಿದ್ದೆ.

ಇವತ್ತು ಬೆಳಿಗ್ಗೆ ನಾಲ್ಕು ಬೆರಳು ಅಗಲಕ್ಕೆ ದೊಡ್ಡದು ಮಾಡಿದೆ. ಯಾಕೆಂದು ಗೊತ್ತಿಲ್ಲ. ಹೋಟೆಲಿನಲ್ಲಿ ಪದ್ಮನಾಭ ಸಾಂಬಾರಿಗೆ ಉಪ್ಪು ಹಾಕುವುದು ಮರೆತಿದ್ದ. ಒಳಗೆ ಹೋಗಿ ಹಾಕಿ ಬಂದೆ. ಆಮೇಲೆ ಗರಾಜಿಗೆ ಹೋಗಿ ಅರ ಹಿಡಿದೆ. ಅಷ್ಟೇ.

ಮಾರ್ಚ್ 2, ಭಾನುವಾರ

ಮೇಘನಾ ಹನ್ನೊಂದಕ್ಕೆ ಬಂದಳು. ಇಳಿದುಹೋಗಿದ್ದಾಳೆ. ಊಟಕ್ಕೆ ಕುಳಿತೆವು. ಪಾರ್ಸೆಲ್ ತಂದಿದ್ದಳು. ಕೈ ತೊಳೆದು ಅವಳು ಕಾರಿನ ಕಾಗದಪತ್ರ ಕೇಳಿದಳು.

“ಕಾರು ಕನುಭಾಯ್ ಗರಾಜಿನಲ್ಲುಂಟು. ಒಂದು ಸಲ ಓಡಿಸ್ಲಿಕ್ಕುಂಟು ನನಗೆ. ನೀನೂ ಬಾ.”

“ಎಲ್ಲಿಗೆ?”

“ಬ್ರಿಡ್ಜಿಗೆ.”

ಅವಳು ನನ್ನನ್ನೇ ನೋಡಿದಳು. ಬರುವುದಿಲ್ಲ ಎನ್ನುತ್ತಾಳೆ ಎಂದುಕೊಂಡೆ. ಚಪ್ಪಲಿ ಹಾಕಿಕೊಂಡಳು.

ಹೋಟೆಲ್ ಬಾಗಿಲಿನಿಂದಲೇ ಹೊರಡಬೇಕು ಎಂದು ಅಲ್ಲಿಗೆ ತಂದು ನಿಲ್ಲಿಸಿದೆ. ಮೂರು ಗಂಟೆ. ಭಾನುವಾರ, ಶಟರ್ ಹಾಕಿತ್ತು. ಅವಳು ಮುಂದಿನ ಸೀಟಿನಲ್ಲಿ. ಇಂಜಿನ್ ಓಡುತ್ತಿತ್ತು. ಗೇರ್ ಹಾಕುವ ಮೊದಲು ಹೇಳಿದೆ. ಎಣ್ಣೆ ಡಬ್ಬ, ಅದರ ಗೋಡೆ ಒಳಗೆ ಹೋದದ್ದು, ಬಟ್ಟೆ, ತೊಳೆಯದ್ದು. ನಾನು ಇಷ್ಟು ಒಟ್ಟಿಗೆ ಮಾತನಾಡಿದ್ದು ಯಾವಾಗ ಎಂದು ನೆನಪಿಲ್ಲ. ಎಲ್ಲವನ್ನೂ ಸ್ಟೀರಿಂಗಿಗೆ ಹೇಳಿದೆ, ಅವಳ ಕಡೆ ತಿರುಗಲಿಲ್ಲ. ಕೊನೆಗೆ ಹೇಳಿದೆ. “ಈಗ ಹೊಸ ಡಬ್ಬ ಹಾಕಿದ್ದೇನೆ. ಬ್ರಿಡ್ಜಿನಲ್ಲಿ ಕಾರು ನಿಂತರೆ ಪಂಪಿನ ತಪ್ಪು. ಹತ್ತಿದರೆ ನನ್ನದು.”

ಅವಳು ಫೋನಿನಲ್ಲಿ ಗಂಟೆ ನೋಡಿದಳು.

“ಗಾಡಿ ಬಿಡಿ ಅಪ್ಪ.”

ಹೊರಟೆವು. ಕಾರ್ಖಾನೆಗಳ ಗೋಡೆ, ಚಹದ ಗಾಡಿ, ತಿರುವು. ಬ್ರಿಡ್ಜಿನ ಬುಡಕ್ಕೆ ಬಂದಾಗ ನನ್ನ ಕಾಲು ತಾನಾಗಿ ಹಗುರವಾಯಿತು. ಹಗುರವಾಗಿ ಒತ್ತಿದರೆ ಯಾವ ಡಬ್ಬವಿದ್ದರೂ ಕಾರು ಹತ್ತುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಅವಳು ಯಂತ್ರದ ಇಂಜಿನಿಯರಿಂಗ್ ಓದಿದ ಹುಡುಗಿ. ಬಗ್ಗಿ ನನ್ನ ಪಾದ ನೋಡಿದಳು.

“ಪೂರ್ತಿ ಒತ್ತಿ. ಅವತ್ತು ಒತ್ತಿದ ಹಾಗೆ.”

ಒತ್ತಿದೆ.

ಇಂಜಿನ್ ಒಮ್ಮೆ ಗಡುಸಾಗಿ ಕೂಗಿತು. ಈಗ ನಿಲ್ಲುತ್ತದೆ ಎಂದು ಕಾದೆ. ನಿಲ್ಲಲಿ ಎಂದು ಕಾದೆ, ಅದನ್ನೂ ಬರೆಯುತ್ತೇನೆ. ನಿಲ್ಲಲಿಲ್ಲ. ಮುಂದಿನ ಲಾರಿ ಹಿಂದಕ್ಕೆ ಸರಿಯಿತು. ಅಂದು ನಾವು ನಿಂತ ಕಂಬ ಬಂತು, ಹೋಯಿತು. ಮೇಲೆ ಸುಡುವ ಬಿಸಿಲು. ಕೆಳಗೆ ರೈಲು ಹಳಿಗಳು. ಆಮೇಲೆ ಇಳಿಜಾರು. ಇಷ್ಟು ಚೆನ್ನಾಗಿ ಆ ಕಾರು ಯಾವತ್ತೂ ಓಡಿರಲಿಲ್ಲ.

ನಿಲ್ಲಿಸಲು ತೋಚಲಿಲ್ಲ. ನೇರ ಹೋದೆ. ಆಸ್ಪತ್ರೆಯ ಗೇಟಿನ ಮುಂದೆ ಬ್ರೇಕ್ ಒತ್ತಿದೆ. ಮೇಘನಾ ಫೋನ್ ನೋಡಿದಳು. ಹನ್ನೊಂದು ನಿಮಿಷ.

“ನನ್ನದೇ” ಎಂದೆ.

ಅವಳು ಡ್ಯಾಶ್‌ಬೋರ್ಡಿಗೆ ಜೋರಾಗಿ ಕೈಯಿಂದ ಹೊಡೆದಳು. “ನಾಲ್ಕು ತಿಂಗಳು ಅಪ್ಪ! ನಾಲ್ಕು ತಿಂಗಳು ನನ್ನ ಫೋನ್ ಎತ್ತಿಲ್ಲ. ಇದಕ್ಕಾ? ನಾನು ಏನು ಅಂದ್ಕೊಂಡೆ ಗೊತ್ತಾ? ದಿವಾಳಿಗೆ ಎರಡೇ ದಿನ ಇದ್ದು ಓಡಿಹೋದೆ ಅಂತ, ಅಮ್ಮನ ಚೆಕಪ್ ಮಾಡ್ಸಿಲ್ಲ ಅಂತ, ನನ್ನ ಮೇಲೆ ಗುಸ್ಸಾ ಅಂದ್ಕೊಂಡೆ. ದಿನಾ ಅಂದ್ಕೊಂಡೆ!”

“ನಿನ್ನ ಮೇಲೆ ಯಾಕೆ ಸಿಟ್ಟು?”

“ಮತ್ತೆ ಹೇಳ್ಬೇಕಲ್ಲ! ಬಾಯಲ್ಲಿ ಹೇಳ್ಬೇಕಲ್ಲ ಅಪ್ಪ!”

ಗೇಟಿನ ಕಾವಲುಗಾರ ಬಂದು ಕಿಟಕಿ ತಟ್ಟಿದ. ಇಲ್ಲಿ ಗಾಡಿ ನಿಲ್ಲಿಸಬಾರದು, ಆಂಬುಲೆನ್ಸ್ ಬರುತ್ತದೆ. ಅವಳು ಗಾಜು ಇಳಿಸಿ “ಏಕ್ ಮಿನಿಟ್ ಕಾಕಾ, ಏಕ್ ಮಿನಿಟ್!” ಎಂದು ಕೂಗಿದಳು. ಕೂಗುತ್ತಲೇ ಅತ್ತಳು. ಅವನು ಎರಡು ಹೆಜ್ಜೆ ಹಿಂದೆ ಹೋಗಿ ಬೇರೆ ಕಡೆ ನೋಡುತ್ತಾ ನಿಂತ.

“ಪ್ರೇಮಾ ನಿಧಾನ ಮಾಡಿ ಅಂದಿದ್ಳು” ಎಂದೆ. “ನಾನು ಕೇಳಲಿಲ್ಲ.”

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ನನಗೂ ಅದನ್ನು ಕೇಳುವ ಮುಖ ಇರಲಿಲ್ಲ. ಮೂಗು ಒರೆಸಿಕೊಂಡು ಇಳಿದು, ಸುತ್ತಿ ಬಂದು, ನನ್ನ ಬಾಗಿಲು ತೆರೆದಳು.

“ಆ ಕಡೆ ಸರೀರಿ. ವಾಪಸ್ ನಾನು ಬಿಡ್ತೀನಿ.”

ಬ್ರಿಡ್ಜನ್ನು ಅವಳು ನಿಧಾನವಾಗಿ ಹತ್ತಿಸಿದಳು. ಅರ್ಧದಲ್ಲಿ ಹೇಳಿದಳು. “ಮಾಧವ ಮಾಮಾಗೆ ನೀವೇ ಹೇಳ್ಬೇಕು. ನಾನು ಹೇಳಲ್ಲ.”

ಸಂಜೆ ಮಾಧವನಿಗೆ ಫೋನ್ ಮಾಡಿದೆ. ಕೊನೆಯವರೆಗೂ ಕೇಳಿದ. ಆಮೇಲೆ ಇಟ್ಟುಬಿಟ್ಟ.

ಹೊರಗಿನಿಂದ ತರುವುದು ಬೇಡ ಎಂದು ಹೋಟೆಲಿನ ಬೀಗ ತೆಗೆದು ಮೇಘನಾಳಿಗೆ ದೋಸೆ ಹುಯ್ದೆ. ನಾಲ್ಕು ತಿಂದಳು. ಚಟ್ನಿಗೆ ಉಪ್ಪು ಜಾಸ್ತಿ ಎಂದಳು.

ಮಾರ್ಚ್ 3, ಸೋಮವಾರ

ಎಂಟಕ್ಕೆ ಗುಜರಿಯವರು ಬಂದರು. ಮೇಘನಾ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಕೇಳಿದಳು. “ಕೊಡೋದಾ?”

ಕೊಡೋಣ ಎಂದೆ. ಅದರಿಂದ ತಿಳಿಯಬೇಕಾದದ್ದು ತಿಳಿಯಿತು.

ಹೊಸ ಡಬ್ಬವನ್ನು ಬಿಚ್ಚಿಕೊಂಡೆ. ಕನುಭಾಯಿಯ ಗಿರಾಕಿಯೊಬ್ಬನ ಹತ್ತಿರ ಅದೇ ಮಾಡಲ್ ಉಂಟಂತೆ, ಅವನಿಗೂ ಡಬ್ಬ ಸಿಗುತ್ತಿಲ್ಲ. ಕೊಡುವಾಗ ನಡೆದದ್ದನ್ನು ಕನುಭಾಯಿಗೂ ಹೇಳಿದೆ. ಅವನು ಪಾತ್ರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ತಮಾಷೆ ಮಾಡಲಿಲ್ಲ. “ಬಾಯಿಗೆ ಬಟ್ಟೆ ಕಟ್ಟಬೇಡ ಎಂದು ಆ ಗಿರಾಕಿಗೆ ನೀನೇ ಬಂದು ಹೇಳು ಅಣ್ಣಾ” ಎಂದ. ಆಗಲಿ ಎಂದೆ.

ಹತ್ತರ ರೈಲಿಗೆ ಮೇಘನಾ ಹೋದಳು. ವಡೋದರಾ ಮುಟ್ಟಿ ಫೋನ್ ಮಾಡಿದಳು. ಮೊದಲ ರಿಂಗಿಗೇ ಎತ್ತಿದೆ. ಎರಡು ನಿಮಿಷ ಮಾತು. ಹೆಚ್ಚಿನದು ಅವಳ ಆಫೀಸಿನ ಕ್ಯಾಂಟೀನಿನ ಇಡ್ಲಿ ಕಲ್ಲಿನ ಹಾಗೆ ಇರುತ್ತದೆ ಎಂಬುದು. ಇನ್ನೂ ಸಿಟ್ಟಿದೆ. ದನಿಯಲ್ಲಿ ಗೊತ್ತಾಗುತ್ತದೆ.

ಮಾಧವನ ಫೋನ್ ಬಂದಿಲ್ಲ.

ಹೋಟೆಲಿನಲ್ಲಿ ಅಕ್ಕಿ, ಉದ್ದು ನೆನೆಹಾಕಿದೆ. ಆಮೇಲೆ ಕಾಗದದಲ್ಲಿ ಸುತ್ತಿಟ್ಟಿದ್ದ ಆ ಬಟ್ಟೆಯನ್ನು ತೆಗೆದೆ. ಇನ್ನು ಅದು ಅಡುಗೆಗೆ ಬರುವುದಿಲ್ಲ. ಹಿತ್ತಲಿನ ನಲ್ಲಿಯ ಹತ್ತಿರ, ಬೇರೆ ಬಕೆಟ್ಟಿನಲ್ಲಿ ನೆನೆಸಿ ತೊಳೆದೆ. ಮೊದಲ ನೀರು ಗುಲಾಬಿ. ಎರಡನೆಯದೂ ಗುಲಾಬಿ. ಮೂರನೆಯದು ಸ್ವಲ್ಪ ತಿಳಿ. ನಾಲ್ಕನೆಯ ನೀರಿನಲ್ಲಿ ಬಟ್ಟೆ ಮೆತ್ತಗಾಯಿತು, ಅಂಚಿನಲ್ಲಿ ಪ್ರೇಮಾ ಹಾಕಿದ ಹೊಲಿಗೆ ಕಂಡಿತು. ಬಿಳಿ ದಾರ, ಸಣ್ಣ ಸಣ್ಣ ಹೊಲಿಗೆ, ಎಲ್ಲಿಯೂ ಬಿಟ್ಟಿಲ್ಲ.